ಭಾರವೇ ಅನ್ನ

ಅರವತ್ತು ದಾಟಿದವರ ಮನೆಗೆ ಒಂದು ಎಕ್ಸ್‌ರೇ ಬಂತೆಂದರೆ ಅದರ ಬೆನ್ನಿಗೇ ಒಂದು ಮಾತೂ ಬಂದು ನೆಲೆಸುತ್ತದೆ: ‘ಮಂಡಿ ಸವೆದಿದೆಯಂತೆ.’ ಅಲ್ಲಿಂದಾಚೆ ಇಡುವ ಹೆಜ್ಜೆಯೆಲ್ಲ ಖರ್ಚಿನ ಬಾಬ್ತು. ಗಾಡಿಯ ಟೈರು ಓಡಿದಷ್ಟೂ ತೇಯುವಂತೆ ಮಂಡಿಯೂ ತೇಯುತ್ತದೆ, ಉಳಿದದ್ದನ್ನಾದರೂ ಜೋಪಾನ ಮಾಡೋಣ ಎಂಬ ಲೆಕ್ಕ. ಮೊದಲು ಮಹಡಿ ಹತ್ತುವುದು ನಿಲ್ಲುತ್ತದೆ. ಆಮೇಲೆ ನೆಲದ ಮೇಲೆ ಕೂರುವುದು. ಆಮೇಲೆ ಸಂಜೆ ದೇವಸ್ಥಾನಕ್ಕೆ ಹೋಗಿಬರುವುದು. ಮನೆಯವರ ಅಕ್ಕರೆಯೂ ಇದಕ್ಕೆ ಒತ್ತಾಸೆ: ‘ನೀವ್ಯಾಕೆ ಏಳ್ತೀರಿ ಅತ್ತೆ, ಕೂತ್ಕೊಳ್ಳಿ, ನಾನೇ ತಂದ್ಕೊಡ್ತೀನಿ.’ ಮಾತಿನ ಹಿಂದಿನ ಪ್ರೀತಿ ನಿಜವಾದದ್ದೇ. ಆದರೆ ಅದು ಕೀಲಿನ ಸ್ವಭಾವ ಅರಿಯದ ಪ್ರೀತಿ.

ಮೂಳೆಗಳು ಕೂಡುವಲ್ಲಿ ಅವುಗಳ ತುದಿಗೆ ಹೊದ್ದುಕೊಂಡಿರುವ ಮೃದ್ವಸ್ಥಿ ಕೆಲವೇ ಮಿಲಿಮೀಟರ್ ದಪ್ಪದ್ದು. ಅದರೊಳಗೆ ರಕ್ತನಾಳವಿಲ್ಲ, ನರವೂ ಇಲ್ಲ. ದೇಹದ ಬಹುಪಾಲು ಭಾಗಗಳಿಗೆ ಊಟ ರಕ್ತದಲ್ಲಿ ಹರಿದು ಬರುತ್ತದೆ, ನಾವು ಮಲಗಿದ್ದರೂ ಬರುತ್ತದೆ. ಮೃದ್ವಸ್ಥಿಗೆ ಆ ಭಾಗ್ಯವಿಲ್ಲ. ಕೀಲಿನೊಳಗಿನ ಲೋಳೆಯಂಥ ದ್ರವವೇ ಅದರ ಮುಖ್ಯ ಆಹಾರ. ಆ ದ್ರವ ಒಳಕ್ಕೆ ಚೆನ್ನಾಗಿ ಸೇರಬೇಕಾದರೆ ಕಾಲು ಆಡಬೇಕು. ಹೆಜ್ಜೆ ಊರಿದಾಗ ಮೈಭಾರ ಬಿದ್ದು ಅದರೊಳಗಿನ ನೀರು ಹೊರಕ್ಕೆ ಹೋಗುತ್ತದೆ. ಹೆಜ್ಜೆ ಎತ್ತಿದಾಗ ಹೊಸದನ್ನು ಹೀರಿಕೊಳ್ಳುತ್ತದೆ. ಊರಬೇಕು, ಎತ್ತಬೇಕು, ಮತ್ತೆ ಊರಬೇಕು, ಎತ್ತಬೇಕು. ತಿಂಗಳುಗಟ್ಟಲೆ ಭಾರವೇ ಬೀಳದ ಕಾಲಿನಲ್ಲಿ ಮೃದ್ವಸ್ಥಿ ತೆಳುವಾಗುತ್ತ ಹೋಗುತ್ತದೆ. ಟೈರು ನಿಂತರೆ ಉಳಿಯುತ್ತದೆ, ಕೀಲು ನಿಂತರೆ ಸೊರಗುತ್ತದೆ.

ಸವೆದದ್ದು ಮತ್ತೆ ಬೆಳೆಯದು ಎಂಬುದೂ ಸುಳ್ಳಲ್ಲ. ಹಾಳಾದ ಮೃದ್ವಸ್ಥಿ ಚೇತರಿಸಿಕೊಳ್ಳುವುದಿಲ್ಲವೆಂದು ವಿಲಿಯಂ ಹಂಟರ್ ಎಂಬ ವೈದ್ಯ 1743ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಆ ಮಾತು ಬಹುಮಟ್ಟಿಗೆ ಇಂದಿಗೂ ನಿಂತಿದೆ. ಆದರೆ ನೋವು ಹುಟ್ಟುವುದು ಅಲ್ಲಲ್ಲ, ಅಲ್ಲಿ ನರವೇ ಇಲ್ಲವಲ್ಲ. ಅದು ಹುಟ್ಟುವುದು ಕೆಳಗಿನ ಮೂಳೆಯಲ್ಲಿ, ಕೀಲಿನ ಒಳಪೊರೆಯಲ್ಲಿ, ಸುತ್ತಲಿನ ಕಟ್ಟುಗಳಲ್ಲಿ. ಅದಕ್ಕೇ ಎಕ್ಸ್‌ರೇಯಲ್ಲಿ ಪೂರಾ ಸವೆದಂತೆ ಕಂಡವರು ಆರಾಮಾಗಿ ಸಂತೆಗೆ ಹೋಗಿಬರುವುದುಂಟು, ಅಷ್ಟೇನೂ ಸವೆಯದವರು ರಾತ್ರಿಯೆಲ್ಲ ನರಳುವುದೂ ಉಂಟು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಿದ್ದರೆ ಮಂಡಿಗೆ ಬೀಳುವ ಪೆಟ್ಟನ್ನು ಅದು ಹಂಚಿಕೊಳ್ಳುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಈ ವಯಸ್ಸಿಗೆ ಇನ್ನೆಲ್ಲಿ ಸ್ನಾಯು ಎನ್ನುವವರಿಗೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್‌ನಲ್ಲಿ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಬೇಕು. ತೊಂಬತ್ತರ ಆಸುಪಾಸಿನ, ಆರೈಕೆ ಕೇಂದ್ರದಲ್ಲಿದ್ದ ದುರ್ಬಲ ವೃದ್ಧರಿಂದ ಎಂಟು ವಾರ ಕಾಲಿನಿಂದ ತೂಕ ಎತ್ತಿಸಿದರು. ಅವರ ತೊಡೆಯ ಬಲ ಸರಾಸರಿ ಇಮ್ಮಡಿಗೂ ಮಿಕ್ಕಿ ಏರಿತು.

ಹಾಗಾದರೆ ಎಷ್ಟು ಭಾರ ಹೊರಬೇಕು? ಇಲ್ಲಿ ನನಗೆ ಅಷ್ಟಾಂಗಹೃದಯವೆಂಬ ಆಯುರ್ವೇದ ಗ್ರಂಥ ಬರೆದ ವಾಗ್ಭಟ ನೆನಪಾಗುತ್ತಾನೆ. ಬಲವಿದ್ದವನು ಚಳಿಗಾಲದಲ್ಲಿ, ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಲಿ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಮಾಡಲಿ ಎಂದವನು ಅವನು. ಅರ್ಧ ಎನ್ನುವ ಈ ಅಳತೆಯಲ್ಲಿ ದೊಡ್ಡ ವಿವೇಕವಿದೆ: ಇರುವುದೆಲ್ಲವನ್ನೂ ಇವತ್ತೇ ಸುರಿಯಬೇಡ, ಹಾಗೆಂದು ಕೈಕಟ್ಟಿ ಕೂರಲೂ ಬೇಡ. ಅದೇ ವಾಗ್ಭಟ ಮುದುಕರು ವ್ಯಾಯಾಮವನ್ನು ಬಿಡಬೇಕು ಎಂದೂ ಹೇಳಿದ್ದಾನೆ. ಅಲ್ಲಿ ನಾನು ಅವನ ಜೊತೆ ಹೋಗಲಾರೆ. ಅವನ ಕಾಲದ ಮುದುಕರು ನೀರು ಸೇದುತ್ತಿದ್ದರು, ನೆಲದಲ್ಲಿ ಕೂತು ಏಳುತ್ತಿದ್ದರು, ನಡೆದೇ ಊರಿಂದೂರಿಗೆ ಹೋಗುತ್ತಿದ್ದರು; ಅದರ ಮೇಲೆ ಗರಡಿಯ ಕಸರತ್ತು ಅವರಿಗೆ ಬೇಕಿರಲಿಲ್ಲ. ಇವತ್ತು ನಲ್ಲಿ, ಲಿಫ್ಟು, ಸೋಫಾಗಳ ನಡುವೆ ಇರುವವರಿಗೆ ಆ ಅರ್ಧವಾದರೂ ಬೇಕು. ಅರ್ಧ ಎಲ್ಲಿಗೆ ಮುಗಿಯಿತೆಂದು ತಿಳಿಯಲು ಫಿಸಿಯೋಥೆರಪಿಯವರು ಹೇಳಿಕೊಡುವ ಗುರುತು ಸರಳ: ವ್ಯಾಯಾಮದಿಂದ ಹೆಚ್ಚಿದ ನೋವು ಮಾರನೆಯ ಬೆಳಗಿನ ಹೊತ್ತಿಗೆ ತಗ್ಗಿದ್ದರೆ ಸರಿ, ತಗ್ಗದಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು. ಕೀಲು ಊದಿಕೊಂಡು ಬಿಸಿಯಾಗಿದ್ದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಮಾತ್ರ ಅದು ಬೇರೆಯೇ ಕಾಯಿಲೆ ಇರಬಹುದು, ವೈದ್ಯರಿಗೇ ತೋರಿಸಬೇಕು. ಔಷಧಿ ಅಂಗಡಿಯಲ್ಲಿ ತಾನಾಗಿ ಕೇಳಿ ತಂದ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಮದುವೆ ಮನೆಗಳಲ್ಲಿ ನೆಲದ ಪಂಕ್ತಿ ಈಗ ಅಪರೂಪ. ಎಲ್ಲಾದರೂ ಸಿಕ್ಕಿದರೆ, ಊಟ ಮುಗಿದ ಮೇಲೆ ವಯಸ್ಸಾದ ಹೆಂಗಸರು ಏಳುವುದನ್ನು ನೋಡಬೇಕು. ಬಲಗೈ ಎಂಜಲು, ಎಲ್ಲಿಯೂ ತಾಗಿಸುವಂತಿಲ್ಲ. ಅದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿರುತ್ತಾರೆ. ಸೀರೆಯ ನೆರಿಗೆ ಕಾಲಿಗೆ ಸಿಗದಂತೆ ಸರಿಸಿಕೊಂಡು, ಎಡ ಅಂಗೈಯನ್ನು ನೆಲಕ್ಕೆ ಒತ್ತಿ, ಒಂದು ಪಾದವನ್ನು ಮೈಯ ಹತ್ತಿರಕ್ಕೆ ಎಳೆದು ಊರುತ್ತಾರೆ. ಒಂದು ಗಳಿಗೆ ಹಾಗೇ ಇರುತ್ತಾರೆ. ಆಮೇಲೆ ಅದೇ ಎಡಗೈ ನೆಲ ಬಿಟ್ಟು ಮಂಡಿಯ ಮೇಲೆ ಬರುತ್ತದೆ, ‘ರಾಮಾ...’ ಎಂಬ ಉಸಿರಿನೊಂದಿಗೆ ಮೈ ಮೇಲೇಳುತ್ತದೆ. ಹೀಗೆ ಕೂತು ಏಳುವುದನ್ನೇ ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಹತ್ತು ಅಂಕಗಳ ಪರೀಕ್ಷೆಯಾಗಿ ಮಾಡಿದರು. ಕೈಯನ್ನೋ ಮಂಡಿಯನ್ನೋ ಆಸರೆಗೆ ಬಳಸಿದಾಗಲೆಲ್ಲ ಒಂದು ಅಂಕ ಕಡಿತ. 51ರಿಂದ 80 ವರ್ಷದ 2002 ಜನರನ್ನು ವರ್ಷಗಳ ಕಾಲ ಗಮನಿಸಿ 2012ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ, ಕಡಿಮೆ ಅಂಕ ಪಡೆದವರಲ್ಲಿ ಸಾವು ಹೆಚ್ಚು ಕಂಡಿತು. ನೆಲದಿಂದ ಏಳುವ ಶಕ್ತಿ ಬರೀ ಮಂಡಿಯದಲ್ಲ. ತೊಡೆ, ಸೊಂಟ, ಬೆನ್ನು, ಮೈಯ ತೂಕ, ಆಯ ಎಲ್ಲದರ ಒಟ್ಟು ಲೆಕ್ಕ ಅದು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆ ‘ರಾಮಾ’. ಕೆಲವರು ‘ಶಿವಾ’ ಎನ್ನುತ್ತಾರೆ, ಕೆಲವರು ‘ಅಲ್ಲಾ’, ಬಹಳ ಮಂದಿ ‘ಅಮ್ಮಾ’. ಏಳುವಾಗ ಉಸಿರು ಹೊರಕ್ಕೆ ಬಿಡಿ ಎಂದು ಇವತ್ತು ವ್ಯಾಯಾಮ ಕಲಿಸುವವರು ಹೇಳುವುದನ್ನು ಅವರು ನಾಮದೊಂದಿಗೆ ಮಾಡುತ್ತಿದ್ದಾರೆ. ಅಲ್ಲಿ ಬೇಡಿಕೊಳ್ಳುತ್ತಿರುವುದಾದರೂ ಏನು? ನನ್ನ ಭಾರ ಇಳಿಸು ಎಂದು ಯಾರೂ ಕೇಳುತ್ತಿಲ್ಲ. ಈ ಭಾರವನ್ನು ನಾನೇ ಎತ್ತಿಕೊಳ್ಳುವಂತೆ ಮಾಡು ಎನ್ನುತ್ತಿದ್ದಾರೆ. ಮುಪ್ಪಿನ ಪ್ರಾರ್ಥನೆಗಳಲ್ಲಿ ನನಗೆ ಇದಕ್ಕಿಂತ ದೊಡ್ಡದು ಕಂಡಿಲ್ಲ. ನೋವಿಲ್ಲದ ಮೈ ಬೇಕೆನ್ನುವುದು ಒಂದು ಆಸೆ. ತನ್ನ ಮೈಯನ್ನು ತಾನು ಹೊರುವಷ್ಟು ಬಲ ಬೇಕೆನ್ನುವುದು ಬೇರೆಯದೇ ಆಸೆ, ಅದಕ್ಕೆ ನೋವಿನ ಜೊತೆಗೂ ಬಾಳಲು ಬರುತ್ತದೆ.

ಹೊರೆಯನ್ನು ಹೊಗಳುವಾಗ ಇನ್ನೊಂದು ಚಿತ್ರ ಕಣ್ಣ ಮುಂದೆ ಬರಬೇಕು. ದಿನವಿಡೀ ಬಗ್ಗಿ ಭತ್ತದ ನಾಟಿ ಮಾಡಿದವರು, ಗಾರೆ ಬಾಂಡಲಿ ತಲೆಯ ಮೇಲಿಟ್ಟು ಅಂತಸ್ತು ಅಂತಸ್ತು ಏರಿದವರು, ಮೈಲಿಗಟ್ಟಲೆ ದೂರದಿಂದ ಕೊಡ ಹೊತ್ತು ತಂದವರು ಹೊರೆಯನ್ನು ಆರಿಸಿಕೊಂಡವರಲ್ಲ. ಅವರಿಗೆ ಊರುವುದಷ್ಟೇ ಸಿಕ್ಕಿತು, ಎತ್ತುವ ಬಿಡುವು ಸಿಗಲಿಲ್ಲ. ಅಂಥವರಿಗೆ ‘ಕೂತ್ಕೊಳ್ಳಿ’ ಎನ್ನುವುದೇ ಮೊದಲ ಚಿಕಿತ್ಸೆ, ಅದನ್ನು ಹೇಳುವವರು ಅವರಿಗೆ ಸಿಗಬೇಕು.

ಇನ್ನು ಆಸರೆಯ ಮಾತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಆಸನಗಳಿಗೆ ಹಗ್ಗ, ಮರದ ಇಟ್ಟಿಗೆ, ಕುರ್ಚಿಗಳನ್ನು ಜೊತೆಗೂಡಿಸಿದರು. ಬಗ್ಗದ ಮೈಯೂ ಆಸನದ ಹೊಸ್ತಿಲು ದಾಟಲಿ ಎಂಬುದು ಅದರ ಉದ್ದೇಶ. ಅವರೇ ತೊಂಬತ್ತು ದಾಟಿದ ಮೇಲೂ ಅವುಗಳನ್ನು ಬಳಸಿ ಅಭ್ಯಾಸ ಮಾಡಿದರು. ಆಸರೆ ಹಿಡಿಯುವುದು ಸೋಲು ಎಂದುಕೊಂಡು ಊರುಗೋಲನ್ನು ಬಾಗಿಲ ಹಿಂದೆ ಬಚ್ಚಿಡುವ ಹಿರಿಯರಿಗೆ ನಾನು ಇದನ್ನು ಹೇಳಬಯಸುತ್ತೇನೆ. ಕೋಲು ಹಿಡಿದು ಬೀದಿ ಕೊನೆಯವರೆಗೆ ಹೋದ ಕಾಲು, ಕೋಲಿಲ್ಲದೆ ಮನೆಯಲ್ಲೇ ಉಳಿದ ಕಾಲಿಗಿಂತ ಚೆನ್ನಾಗಿ ಉಂಡಿರುತ್ತದೆ.

ಇಷ್ಟಾಗಿಯೂ ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕೇಬೇಕು. 2000ದಲ್ಲಿ ಪ್ರಧಾನಿ ವಾಜಪೇಯಿ ಮಂಡಿ ಬದಲಿಸಿಕೊಂಡಾಗ ಅದು ದೇಶಕ್ಕೆಲ್ಲ ಸುದ್ದಿ. 2017ರಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಲೋಹ, ಪ್ಲಾಸ್ಟಿಕ್ಕಿನ ಆ ಮಂಡಿಗೆ ಊಟ ಬೇಡ. ಆದರೆ ಅದನ್ನು ಹೊತ್ತಿರುವ ತೊಡೆಗೆ ಬೇಕು, ಅದರ ಮೇಲೆ ನಿಲ್ಲಬೇಕಾದ ಮನುಷ್ಯನಿಗೂ ಬೇಕು. ಅದಕ್ಕೇ ಆಪರೇಷನ್ ಆದ ಮಾರನೆಯ ದಿನವೇ, ಎಷ್ಟೋ ಕಡೆ ಅದೇ ದಿನ ಸಂಜೆಯೇ, ಫಿಸಿಯೋಥೆರಪಿಯವರು ವಾಕರ್ ತಂದು ಮಂಚದ ಪಕ್ಕ ಇಡುತ್ತಾರೆ. ಹಿರಿಯರು ಹೆದರಿ ಕಾಲನ್ನು ಮೇಲಕ್ಕೇ ಹಿಡಿದಿದ್ದರೆ ಅವರು ಹೇಳುವ ಮಾತು ಒಂದೇ: ‘ಊರಿ ಅಮ್ಮ, ಭಾರ ಹಾಕಿ.’