ಗುಳಿಗೆಯ ಮಂಪರು ಮತ್ತು ಐದನೆಯ ಶೀಲ





ಇವತ್ತಿನ ಚಿಂತನೆಗೆ ವಿಷಯ ಕೊಟ್ಟವರು ನಮ್ಮ ಅಧ್ಯಯನ ವಲಯದ ಅಕ್ಕ ಒಬ್ಬರು. ಹೆಸರು ಬೇಡ ಎಂದಿದ್ದಾರೆ, ಹೇಳುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಯಿತು. ಎರಡು ವರ್ಷದಿಂದ ಅಂಗಾಲು ಉರಿ. ಹಗಲು ಮೆಣಸಿನಕಾಯಿ ಹೊಲದಲ್ಲಿ ಕೆಲಸದ ಭರಕ್ಕೆ ಹೇಗೋ ನಡೆಯುತ್ತದೆ. ರಾತ್ರಿ ಹಾಸಿಗೆಗೆ ಬಿದ್ದರೆ ಕೆಂಡ ತುಳಿದಂತೆ. ಡಾಕ್ಟರು ನರದ ನೋವಿಗೆ ಗುಳಿಗೆ ಬರೆದುಕೊಟ್ಟರು. ಉರಿ ಅರ್ಧಕ್ಕರ್ಧ ಇಳಿಯಿತು, ನಿದ್ದೆಯೂ ಬಂತು. ಆದರೆ ತಲೆ ಮಂಕಾಯಿತು. ನಮ್ಮಲ್ಲಿ ವಂದನೆ ಹೇಳಿಸುತ್ತಿದ್ದವರೇ ಅವರು, ಪುಸ್ತಕ ನೋಡಿದವರಲ್ಲ. ಹೋದ ಹುಣ್ಣಿಮೆಯಂದು ಪಂಚಶೀಲದ ನಡುವೆ ನಿಂತುಬಿಟ್ಟರು, ಮುಂದಿನ ಶಬ್ದ ಬರಲಿಲ್ಲ. ಆಮೇಲೆ ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿದರು. ಮೂರು ರಾತ್ರಿ ನಿದ್ದೆ ಇಲ್ಲ, ಮೈಯೆಲ್ಲ ಬೆವರು. ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರೆ, "ಮಾಸ್ತರ, ಅದನ್ನ ನುಂಗಿದ್ರ ಸೆರೆ ಕುಡದವರಂಗ ತಲಿ ಗಿಮ್ ಅಂತೈತ್ರಿ. ನಶೆ ಮಾಡೂದಿಲ್ಲ ಅಂತ ದೀಕ್ಷಾ ತಗೊಂಡಾಕಿ ನಾ. ನೋವು ತಡಕೋತೀನ್ರಿ, ಶೀಲ ಮುರಿಯೂದಿಲ್ಲ" ಅಂದರು.

ಈ ಮಾತನ್ನು ನಗುತ್ತ ತಳ್ಳಿಹಾಕುವಂತಿಲ್ಲ. ಮನೆ ಮನೆಯ ದುಡಿಮೆಯನ್ನು ಸೆರೆ ಅಂಗಡಿ ನುಂಗಿದ್ದನ್ನು ಕಂಡವರು ನಾವು. ಐದನೆಯ ಶೀಲ ನಮಗೆ ಬರೀ ಪಾಠವಲ್ಲ, ಅದರಿಂದ ಎಷ್ಟೋ ಕುಟುಂಬ ಉಳಿದಿವೆ. ಆದ್ದರಿಂದಲೇ ಆ ಶೀಲ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಶೀಲದ ಪಾಲಿ ಪಾಠದಲ್ಲಿ ಸುರಾ, ಮೇರಯ ಎಂಬ ಎರಡು ಬಗೆಯ ಮದ್ಯದ ಹೆಸರಿದೆ. ಅದರ ಜೊತೆಗೇ ಅದನ್ನು ಬಿಡಬೇಕಾದ ಕಾರಣವೂ ಇದೆ, ಅದು 'ಪಮಾದ'. ಪಮಾದ ಎಂದರೆ ಎಚ್ಚರಗೇಡಿತನ. ಮಾಡಬೇಕಾದ್ದನ್ನು ಬಿಟ್ಟು, ಮಾಡಬಾರದ್ದಕ್ಕೆ ಮೈಮರೆತು ಇಳಿಯುವುದು. ಸೆರೆ ಕುಡಿಯುವವನು ಆ ಮೈಮರೆವನ್ನೇ ಬಯಸಿ ಕುಡಿಯುತ್ತಾನೆ. ಅಂಗಾಲು ಉರಿಗೆ ಗುಳಿಗೆ ನುಂಗುವವರು ಬಯಸುವುದು ನಿದ್ದೆಯನ್ನು, ಬೆಳಗಾದರೆ ಹೊಲಕ್ಕೆ ಹೋಗುವ ಕಾಲನ್ನು. ಮಂಕು ಅವರಿಗೆ ಬೇಡದೆ ಬಂದದ್ದು.

ಇದು ನನ್ನ ಸ್ವಂತ ವ್ಯಾಖ್ಯಾನವಲ್ಲ. ವಿನಯಪಿಟಕದ ಮಹಾವಗ್ಗದಲ್ಲಿ ಔಷಧಗಳಿಗೆಂದೇ ಒಂದು ದೊಡ್ಡ ಅಧ್ಯಾಯ ಇದೆ. ಅದರಲ್ಲಿ ಪಿಲಿಂದವಚ್ಛ ಎಂಬ ಭಿಕ್ಖುವಿಗೆ ವಾತದ ಬೇನೆ ಬರುತ್ತದೆ. ವೈದ್ಯರು ಎಣ್ಣೆ ಕಾಯಿಸಿ ಕೊಡಬೇಕು, ಅದರಲ್ಲಿ ಮದ್ಯ ಬೆರೆಸಬೇಕು ಎನ್ನುತ್ತಾರೆ. ಭಿಕ್ಖುಗಳು ಬುದ್ಧರ ಬಳಿ ಹೋಗಿ ಕೇಳುತ್ತಾರೆ. ಬುದ್ಧರು ಒಪ್ಪಿಗೆ ಕೊಡುತ್ತಾರೆ. ಕೂಡಲೇ ಕೆಲವು ಭಿಕ್ಖುಗಳು ಎಣ್ಣೆಗೆ ಬೇಕಾಬಿಟ್ಟಿ ಮದ್ಯ ಸುರಿದು ಕುಡಿದು ಮತ್ತರಾಗುತ್ತಾರೆ! (ನೆವ ಸಿಕ್ಕರೆ ಬಿಡದವರು ಆಗಲೂ ಇದ್ದರು ನೋಡಿ.) ಆಗ ಬುದ್ಧರು ಅನುಮತಿಯನ್ನು ಹಿಂದಕ್ಕೆ ಪಡೆಯಲಿಲ್ಲ, ಅಳತೆ ಹಾಕಿದರು. ಎಣ್ಣೆಯಲ್ಲಿ ಮದ್ಯದ ಬಣ್ಣ, ವಾಸನೆ, ರುಚಿ ತಿಳಿಯದಷ್ಟು ಮಾತ್ರ ಇರಲಿ, ಹೆಚ್ಚಾದದ್ದನ್ನು ಮೈಗೆ ಹಚ್ಚಲು ಬಳಸಲಿ ಎಂದರು. ದುರ್ಬಳಕೆ ಮಾಡಿದವರ ಕಾರಣಕ್ಕೆ ರೋಗಿಯ ಔಷಧ ತಪ್ಪಿಸಲಿಲ್ಲ. ಇವತ್ತೂ ಇದೇ ನರದ ಗುಳಿಗೆಯನ್ನು ನಶೆಗಾಗಿ ಕೈತುಂಬ ನುಂಗುವವರು ಇದ್ದಾರೆ. ಅದು ಖಂಡಿತ ಶೀಲಭಂಗ. ಡಾಕ್ಟರು ಹೇಳಿದ ಅಳತೆಯಲ್ಲಿ, ಬೇನೆಗೆಂದು ತೆಗೆದುಕೊಳ್ಳುವುದು ಅಲ್ಲ.

ಇನ್ನು ಆ ಮಂಕಿನ ಮಾತು. ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ ಎನ್ನುವವರು ನಾವು, ಇದಕ್ಕೂ ಕಾರಣ ನೋಡೋಣ. ಸಕ್ಕರೆ ಕಾಯಿಲೆ, ಸರ್ಪಸುತ್ತು, ಬೆನ್ನುಮೂಳೆಯ ಒತ್ತಡ, ಕುಷ್ಠ ಇಂಥವುಗಳಿಂದ ನರ ಕೆಟ್ಟಾಗ ಅದು ಸುಮ್ಮಸುಮ್ಮನೆ ನೋವಿನ ಸುದ್ದಿ ಕಳಿಸುತ್ತಲೇ ಇರುತ್ತದೆ. ಸಾಮಾನ್ಯ ನೋವಿನ ಗುಳಿಗೆ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಾಪೆಂಟಿನ್, ಪ್ರೆಗಾಬಾಲಿನ್ ಎಂಬವು ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಹೋಗುವ ಬಾಗಿಲನ್ನು ಸ್ವಲ್ಪ ಮುಚ್ಚಿ ಆ ಗದ್ದಲ ತಗ್ಗಿಸುತ್ತವೆ. ಆದರೆ ಕಾಲಿನ ನರ ಯಾವುದು, ಮಿದುಳಿನ ನರ ಯಾವುದು ಎಂದು ಗುಳಿಗೆಗೆ ಗೊತ್ತಿಲ್ಲ. ಮಿದುಳಿನಲ್ಲೂ ಅದೇ ಕೆಲಸ ಮಾಡುತ್ತದೆ. ಹಾಗಾಗಿ ತೂಕಡಿಕೆ, ತಲೆಸುತ್ತು, ನಾಲಿಗೆ ತುದಿಗೆ ಬಂದ ಶಬ್ದ ಹೊರಬಾರದಿರುವುದು, ಹೇಳಿದ್ದು ಮರೆಯುವುದು. ಅಮಿಟ್ರಿಪ್ಟಿಲಿನ್ ಎಂಬ ಇನ್ನೊಂದು ಗುಳಿಗೆಯ ದಾರಿ ಬೇರೆ, ಆದರೆ ಅದರಲ್ಲೂ ಬಾಯಿ ಒಣಗುವುದು, ವಯಸ್ಸಾದವರಿಗೆ ಮರೆವು ಹೆಚ್ಚಾಗುವುದು ಉಂಟು. ಬಹಳ ಜನರಿಗೆ ಇದು ಮೊದಲ ಕೆಲವು ವಾರದಲ್ಲಿ ಹೆಚ್ಚಿದ್ದು ಆಮೇಲೆ ತಗ್ಗುತ್ತದೆ. ಕೆಲವರಿಗೆ ತಗ್ಗುವುದಿಲ್ಲ.

ತಗ್ಗದಿದ್ದರೆ ಕೇಳಬೇಕಾದ ಪ್ರಶ್ನೆಗಳಿವೆ. ಗ್ಯಾಬಾಪೆಂಟಿನ್, ಪ್ರೆಗಾಬಾಲಿನ್ ಎರಡೂ ಮೈಯಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ, ವಯಸ್ಸಾದವರಿಗೆ ಮೂತ್ರಪಿಂಡ ಸೊರಗಿದ್ದರೆ ಗುಳಿಗೆ ಮೈಯಲ್ಲೇ ಉಳಿದು ಮಂಕು ಏರುತ್ತದೆ. ಕ್ರಿಯಾಟಿನಿನ್ ಎಂಬ ಸಾಮಾನ್ಯ ರಕ್ತಪರೀಕ್ಷೆ ನೋಡಿ ಡಾಕ್ಟರು ಅಳತೆ ಇಳಿಸಬಲ್ಲರು. ಇನ್ನೊಂದು, ನಮ್ಮ ಕಡೆ ಇವನ್ನು 'ನರದ ಶಕ್ತಿ ಗುಳಿಗೆ' ಎಂದುಕೊಂಡವರು ಬಹಳ. ಮೀಥೈಲ್‌ಕೊಬಾಲಮಿನ್ ಎಂಬ ವಿಟಮಿನ್ ಜೊತೆ ಪ್ರೆಗಾಬಾಲಿನ್ ಸೇರಿಸಿದ ಒಂದೇ ಗುಳಿಗೆ ಬೇರೆ ಬೇರೆ ಹೆಸರಲ್ಲಿ ಮಾರಾಟಕ್ಕಿದೆ. ಊರ ಡಾಕ್ಟರು ಕೊಟ್ಟದ್ದು ಒಂದು ಹೆಸರು, ಹುಬ್ಬಳ್ಳಿಯಲ್ಲಿ ಬರೆದುಕೊಟ್ಟದ್ದು ಇನ್ನೊಂದು ಹೆಸರು, ಒಳಗಿನ ಔಷಧ ಒಂದೇ. ಎರಡನ್ನೂ ನುಂಗಿದರೆ ಅಳತೆ ದುಪ್ಪಟ್ಟು. ಆದ್ದರಿಂದ ದವಾಖಾನೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ ಚೀಟಿಗಳನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ.

ಎಲ್ಲ ಮರೆವಿಗೂ ಈ ಗುಳಿಗೆಯೇ ಕಾರಣ ಎಂದೂ ತಿಳಿಯಬಾರದು. ಸಕ್ಕರೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗಬಹುದು. ಅದರಿಂದ ಕಾಲು ಜುಮುಗುಡುವುದೂ ಉಂಟು, ಮರೆವೂ ಉಂಟು. ಒಮ್ಮೆಲೇ ಬೆವರಿ, ಕೈ ನಡುಗಿ, ತಲೆ ಗೊಂದಲವಾದರೆ ಸಕ್ಕರೆ ಕೆಳಗಿಳಿದಿರಬಹುದು, ಆಗ ಮೊದಲು ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಗುಳಿಗೆಗಳನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ನಿದ್ದೆಗೇಡು, ಬೆವರು, ಹೊಟ್ಟೆ ತೊಳಸುವುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಬಿಡುವುದಿದ್ದರೆ ಡಾಕ್ಟರು ಹೇಳಿದಂತೆ ಹಂತ ಹಂತವಾಗಿ ಇಳಿಸಿ ಬಿಡಬೇಕು. ಸೆರೆಯ ಜೊತೆ, ನಿದ್ದೆಗುಳಿಗೆಯ ಜೊತೆ, ಟ್ರಮಡಾಲ್‌ನಂಥ ಬಲವಾದ ನೋವಿನ ಗುಳಿಗೆಯ ಜೊತೆ ಇದು ಸೇರಿದರೆ ಉಸಿರೇ ನಿಧಾನವಾಗಬಹುದು. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರಿನ ತೊಂದರೆ, ಜೀವ ಬೇಡ ಎನ್ನುವ ವಿಚಾರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಗುಳಿಗೆ ಹೊಸದಾಗಿ ಶುರುವಾದಾಗ, ಅಳತೆ ಏರಿಸಿದಾಗ ಬೈಕು, ಟ್ರ್ಯಾಕ್ಟರ್ ಬೇಡ, ಮೇವು ಕತ್ತರಿಸುವ ಮಷಿನ್ನಿಗೆ ಕೈ ಒಡ್ಡುವುದಂತೂ ಬೇಡವೇ ಬೇಡ. ಮಳೆಗಾಲದ ಎರಿ ಮಣ್ಣಿನಲ್ಲಿ ತಲೆಸುತ್ತು ಇಲ್ಲದವರೇ ಜಾರುತ್ತಾರೆ.

ಡಾಕ್ಟರ ಮುಂದೆ ಬಾಯಿ ಬಿಡುವುದು ನಮ್ಮವರಿಗೆ ಕಷ್ಟ. ತಲೆಮಾರುಗಳಿಂದ ದೊಡ್ಡವರೆದುರು "ಹೂಂ ರೀ" ಎಂದು ಹಿಂದೆ ಸರಿಯುವುದನ್ನು ಕಲಿಸಿಟ್ಟಿದ್ದಾರೆ. ನೋವು ಹೇಳುತ್ತೇವೆ, ತಲೆ ಮಂಕಾಗಿದ್ದನ್ನು ಹೇಳುವುದಿಲ್ಲ, ಹುಚ್ಚು ಅಂದಾರು ಎಂಬ ಅಂಜಿಕೆ. ಹೇಳಿ. "ಸಾಹೇಬರ, ಉರಿ ಕಡಿಮಿ ಆಗೇತ್ರಿ, ಆದ್ರ ಹಾಲು ಒಲಿಮ್ಯಾಲ ಇಟ್ಟದ್ದು ನೆಪ್ಪ ಇರೂದಿಲ್ರಿ" ಎಂದು ಹೀಗೇ ಹೇಳಿದರೆ ಸಾಕು. ಅಳತೆ ಇಳಿಸುವುದು, ಹೆಚ್ಚಿನ ಪಾಲನ್ನು ರಾತ್ರಿಗೆ ಹಾಕುವುದು, ಬೇರೆ ಗುಳಿಗೆ ನೋಡುವುದು, ಇವೆಲ್ಲ ಅವರ ಕೈಯಲ್ಲಿವೆ. ಆದರೆ ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.

ನಮ್ಮ ವಲಯದಲ್ಲೇ ಒಬ್ಬಿಬ್ಬರು "ಗುಳಿಗಿ ಯಾಕ, ಧ್ಯಾನ ಮಾಡ್ರಿ, ನೋವು ಹೋಗ್ತೈತಿ" ಎಂದದ್ದು ನನ್ನ ಕಿವಿಗೆ ಬಿದ್ದಿದೆ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದಾರೆ, ಆದರೆ ಇದು ಸರಿಯಲ್ಲ. ಕಪಿಲವಸ್ತುವಿನಲ್ಲಿ ಶಾಕ್ಯರು ಕಟ್ಟಿಸಿದ ಹೊಸ ಸಭಾಭವನದಲ್ಲಿ ಬುದ್ಧರು ರಾತ್ರಿ ಬಹಳ ಹೊತ್ತು ಮಾತಾಡಿ, ಬೆನ್ನು ನೋಯುತ್ತಿದೆ ಎಂದು ಆನಂದರಿಗೆ ಉಪದೇಶ ಮುಂದುವರಿಸಲು ಹೇಳಿ ಮಲಗಿಕೊಂಡರು. ಸೇಖ ಸುತ್ತದಲ್ಲಿ ಇದು ಇದೆ. ಧ್ಯಾನದಿಂದ ಬೆನ್ನುನೋವು ಹೋಗಬೇಕಿದ್ದರೆ ಅವರಿಗಿಂತ ಧ್ಯಾನಿ ಯಾರು? ಮತ್ತೆ, ಹಿಂದಿನ ಜನ್ಮದ ಕರ್ಮ ಎನ್ನುವವರೂ ಇದ್ದಾರೆ, ಅದು ನಮ್ಮ ಮಾತೇ ಅಲ್ಲ. ಸೀವಕ ಎಂಬ ಪರಿವ್ರಾಜಕ ಇದನ್ನೇ ಕೇಳಿದಾಗ, ಪಿತ್ತ, ಕಫ, ವಾತ, ಹವಾಮಾನ, ಪೆಟ್ಟು ಹೀಗೆ ಹಲವು ಕಾರಣಗಳಿಂದ ವೇದನೆ ಹುಟ್ಟುತ್ತದೆ, ಎಲ್ಲವೂ ಹಿಂದೆ ಮಾಡಿದ್ದರಿಂದ ಎನ್ನುವವರು ಹದ್ದು ಮೀರುತ್ತಾರೆ ಎಂಬ ಅರ್ಥದಲ್ಲಿ ಬುದ್ಧರು ಉತ್ತರಿಸಿದ್ದಾರೆ.

ಧ್ಯಾನ ಬೇಡವೆಂದಲ್ಲ. ತಲೆ ಮಂಕಾಗಿದೆ, ಇನ್ನು ನನ್ನಿಂದ ಸತಿ ಸಾಧ್ಯವಿಲ್ಲ ಎಂದು ಕೈಚೆಲ್ಲುವವರಿಗೆ ಹೇಳಬೇಕಾದದ್ದು ಬೇರೆ. ಸತಿ ಎಂದರೆ ಬಾಯಿಪಾಠದ ಶಕ್ತಿಯಲ್ಲ. ಸತಿಪಟ್ಠಾನ ಸುತ್ತದಲ್ಲಿ ಚಿತ್ತವನ್ನು ನೋಡುವ ಭಾಗ ಇದೆ. ಅಲ್ಲಿ ಅರಳಿದ ಚಿತ್ತವನ್ನಷ್ಟೇ ನೋಡು ಎಂದಿಲ್ಲ. ಕುಗ್ಗಿದ್ದು, ಚೆದುರಿದ್ದು, ಅದೂ ನೋಡುವ ವಸ್ತುವೇ. ಈಗ ತಲೆಯಲ್ಲಿ ಮಂಜು ಕವಿದಿದೆ, ಇದು ಗುಳಿಗೆಯಿಂದ ಬಂದದ್ದು, ಮುಂಜಾನೆಗಿಂತ ಮಧ್ಯಾಹ್ನಕ್ಕೆ ಕಡಿಮೆ ಎಂದು ಗಮನಿಸಿದವರು ಸತಿಯಲ್ಲೇ ಇದ್ದಾರೆ. ಡಾಕ್ಟರಿಗೆ ಹೇಳಲು ಬೇಕಾದ್ದೂ ಇದೇ ಗಮನ.

ಬಾಬಾಸಾಹೇಬರ ಕಾಲಕ್ಕೆ ಈ ಗುಳಿಗೆಗಳು ಇರಲಿಲ್ಲ. ಗ್ಯಾಬಾಪೆಂಟಿನ್ ಬಳಕೆಗೆ ಬಂದದ್ದು 1993ರ ನಂತರ. ಆದರೆ ಈ ನೋವು ಅವರಿಗೆ ಗೊತ್ತಿತ್ತು. ಸಕ್ಕರೆ ಕಾಯಿಲೆಯೂ ಕಾಲಿನ ನರದ ನೋವೂ ಅವರನ್ನು ಹಿಂಡಿದವು. ರಾತ್ರಿಯಿಡೀ ನಿದ್ದೆಯಿಲ್ಲವೆಂದು ಪತ್ರಗಳಲ್ಲಿ ಬರೆದಿದ್ದಾರೆ. ಸಂವಿಧಾನದ ಕರಡು ಸಿದ್ಧವಾದ 1948ರಲ್ಲಿಯೇ ಅವರ ಸ್ಥಿತಿ ಹೀಗಿತ್ತು. ಅವರು ನೋವು ತಡೆದುಕೊಳ್ಳುವುದೇ ಶೌರ್ಯ ಎಂದು ಕೂರಲಿಲ್ಲ. ಇನ್ಸುಲಿನ್ ತೆಗೆದುಕೊಂಡರು, ವೈದ್ಯರ ಮಾತು ಕೇಳಿದರು. 1948ರ ಏಪ್ರಿಲ್ 15ರಂದು ಮದುವೆಯಾದದ್ದೂ ಡಾ. ಶಾರದಾ ಕಬೀರ್ ಎಂಬ ವೈದ್ಯೆಯನ್ನು, ನಮ್ಮ ಮಾಯಿಸಾಹೇಬರನ್ನು. 'ಬುದ್ಧ ಮತ್ತು ಆತನ ಧಮ್ಮ' ಬರೆಯಲು 1951ರಿಂದ ಐದು ವರ್ಷ ಹಿಡಿಯಿತು. 1956ರಲ್ಲಿ ಬರೆದ ಮುನ್ನುಡಿಯಲ್ಲಿ, ಆರೋಗ್ಯ ಕೈಕೊಟ್ಟಾಗಲೆಲ್ಲ ತನ್ನನ್ನು ಉಳಿಸಿದ್ದು ತಮ್ಮ ಪತ್ನಿ ಮತ್ತು ಡಾ. ಮಾಲವಣಕರ್ ಅವರ ವೈದ್ಯಕೀಯ ಕೌಶಲ ಎಂದು ಬಾಬಾಸಾಹೇಬರು ಕೃತಜ್ಞತೆ ಹೇಳಿದ್ದಾರೆ. (ಆ ಮುನ್ನುಡಿಯನ್ನು 1957ರ ಮೊದಲ ಮುದ್ರಣದಲ್ಲಿ ಸೇರಿಸಲಿಲ್ಲ. ಅದು ಬೇರೆಯೇ ಕಥೆ, ಇನ್ನೊಂದು ದಿನ ನೋಡೋಣ.) ದಿಲ್ಲಿಯ ಮನೆಯಲ್ಲಿ ನಾನಕಚಂದ್ ರತ್ತು ಅವರು ಕೂತು ಬೆರಳಚ್ಚು ಮಾಡಿಕೊಡುತ್ತಿದ್ದರು. ಅಂಥ ಮಹಾ ಪಂಡಿತರೂ ಇನ್ನೊಬ್ಬರ ಕೈಯ ಆಸರೆ ಪಡೆದರು.

ಆಸರೆ ಕೊಡುವವರ ಮಾತಿಗೆ ಬರುತ್ತೇನೆ. ಬುದ್ಧರ ಕಾಲದಲ್ಲಿ ಗಗ್ಗ ಎಂಬ ಭಿಕ್ಖು ಇದ್ದರು, ಚಿತ್ತ ಸ್ತಿಮಿತದಲ್ಲಿರಲಿಲ್ಲ. ಉಪೋಸಥ ಒಮ್ಮೆ ನೆನಪಿರುತ್ತಿತ್ತು, ಒಮ್ಮೆ ಇಲ್ಲ. ಒಮ್ಮೆ ಬರುತ್ತಿದ್ದರು, ಒಮ್ಮೆ ಇಲ್ಲ. ಇಂಥವರನ್ನು ಏನು ಮಾಡುವುದು? ಗಗ್ಗರಿಗೆ ನೆನಪಿರಲಿ ಇಲ್ಲದಿರಲಿ, ಅವರು ಬರಲಿ ಬಾರದಿರಲಿ, ಸಂಘ ಉಪೋಸಥ ನಡೆಸಲಿ, ಅವರಿಗೂ ದೋಷವಿಲ್ಲ ಸಂಘಕ್ಕೂ ದೋಷವಿಲ್ಲ ಎಂದು ಸಭೆಯೇ ನಿರ್ಣಯ ಮಾಡುವಂತೆ ಬುದ್ಧರು ಹೇಳಿದರು. ಆಮೇಲೆ ಗಗ್ಗರು ಗುಣವಾದರು. ಚಿತ್ತ ಕೆಟ್ಟಾಗ ಮಾಡಿದ್ದನ್ನೆಲ್ಲ ಎತ್ತಿ ಕೆಲವರು ಅವರನ್ನು ಕಾಡಿದರು. ನನಗೆ ನೆನಪೇ ಇಲ್ಲ ಎಂದರೂ ಬಿಡಲಿಲ್ಲ. ಬುದ್ಧರು ಕಾಡಿದವರನ್ನು ತಪ್ಪೆಂದರು, ಗಗ್ಗರಿಗೆ 'ಅಮೂಳ್ಹ ವಿನಯ' ಎಂಬ ತೀರ್ಪು ಕೊಡಿಸಿ ಆ ಮಾತನ್ನು ಅಲ್ಲಿಗೇ ಮುಗಿಸಿದರು. ಗಗ್ಗರ ಸ್ಥಿತಿ ಗುಳಿಗೆಯ ಮಂಕಿಗಿಂತ ಎಷ್ಟೋ ದೊಡ್ಡದು. ಅಂಥವರಿಗೇ ಅಷ್ಟು ಜಾಗ ಇತ್ತು. ನಾವು ವಂದನೆಯ ನಡುವೆ ಒಬ್ಬರು ತಡವರಿಸಿದರೆ ಮುಖ ಮುಖ ನೋಡಿಕೊಂಡೆವಲ್ಲ!

ಹಾಗಾಗಿ ವಲಯದ ಹಿರಿಯರೊಂದಿಗೆ ಮಾತಾಡಿ ಕೆಲವು ಏರ್ಪಾಡು ಮಾಡಿದ್ದೇವೆ. ಈ ಹುಣ್ಣಿಮೆಯಿಂದ ತಿಸರಣ, ಪಂಚಶೀಲ, ವಂದನೆಯ ದೊಡ್ಡ ಅಕ್ಷರದ ಹಾಳೆ ಎಲ್ಲರ ಕೈಯಲ್ಲೂ ಇರುತ್ತದೆ, ಬಾಯಿಪಾಠ ಬರುವವರ ಕೈಯಲ್ಲೂ. ಮುಂದೆ ಹೇಳಿಸುವವರ ಪಕ್ಕದಲ್ಲಿ ಇನ್ನೊಬ್ಬರು ಕೂರುತ್ತಾರೆ, ಅವರು ನಿಂತಲ್ಲಿಂದ ಇವರು ಎತ್ತಿಕೊಳ್ಳುತ್ತಾರೆ. ಗುಳಿಗೆಯ ಹೊತ್ತು ಮರೆಯುವವರಿಗೆ ನಮ್ಮ ಹೈಸ್ಕೂಲಿನ ಮಕ್ಕಳು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ರೂಢಿ ಕಲಿಸಿಕೊಡುತ್ತಾರೆ. ಗುಳಿಗೆ ನುಂಗಿದ ಕೂಡಲೇ ಆ ದಿನದ ಮೇಲೆ ಗೀಟು, ಗೀಟು ಇದ್ದರೆ ಮತ್ತೆ ನುಂಗುವಂತಿಲ್ಲ. ಭಾನುವಾರ ಬರುವಾಗ ನರದ ನೋವಿಗೆ ಔಷಧ ತೆಗೆದುಕೊಳ್ಳುವವರು ಗುಳಿಗೆ ಚೀಟಿಯನ್ನೂ ಡಾಕ್ಟರ ಬರಹದ ಹಾಳೆಯನ್ನೂ ತನ್ನಿ. ಎರಡು ಹೆಸರಲ್ಲಿ ಒಂದೇ ಔಷಧ ಇದೆಯೇ ಎಂದು ಓದಿ ಹೇಳುತ್ತೇವೆ, ಅಳತೆ ಬದಲಿಸುವುದು ಮಾತ್ರ ಡಾಕ್ಟರ ಕೆಲಸ. ಹುಬ್ಬಳ್ಳಿಗೆ ತೋರಿಸಲು ಹೋಗಬೇಕಾದವರು ಒಬ್ಬರೇ ಹೋಗಬೇಡಿ, ಈ ಗುಂಪಿನಲ್ಲಿ ಹಿಂದಿನ ದಿನ ಸಂಜೆಯೊಳಗೆ ತಿಳಿಸಿ. ಜೊತೆಗೆ ಬರುವವರ ಹೆಸರನ್ನು ನಾವು ಹಾಕುತ್ತೇವೆ.

ಜೈ ಭೀಮ್.