ಯಂತ್ರವೂ ಅರಿವೂ

ಮಾಡತಕ್ಕ ಕೆಲಸವನ್ನು ಮತ್ತೊಂದಕ್ಕೆ ವಹಿಸಿಕೊಡುವುದು ಲೋಕದ ರೂಢಿ. ಎತ್ತಿನ ಹೆಗಲಿಗೆ ನೊಗವನ್ನೂ ಗಿರಣಿಗೆ ಬೀಸುವ ಕೆಲಸವನ್ನೂ ಒಪ್ಪಿಸಿದ ಮನುಷ್ಯನು ಈಗ ಆಕಾಶದಲ್ಲಿ ಹಾರುವ ವಿಮಾನವನ್ನೂ ಯಂತ್ರದ ವಶಕ್ಕೆ ಕೊಟ್ಟಿದ್ದಾನೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಕೆಲಸವನ್ನು ಒಪ್ಪಿಸಿದವನು ಅದರ ಅರಿವನ್ನೂ ಒಪ್ಪಿಸಿಬಿಡಬಹುದೆ? ಒಪ್ಪಿಸಬಾರದೆಂದಾದರೆ, ತಾನು ಮಾಡದೆ ಬಿಟ್ಟ ಕೆಲಸದ ಅರಿವು ಅವನಲ್ಲಿ ಎಷ್ಟು ಕಾಲ ಉಳಿದೀತು? ವಿಮಾನಚಾಲಕರ ಅನುಭವದಲ್ಲಿ ಈ ಪ್ರಶ್ನೆಗಳಿಗೆ ಉತ್ತರವನ್ನು ಅರಸಬಹುದು.

ಇಂದಿನ ದೊಡ್ಡ ವಿಮಾನಗಳು ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಆಟೋಪೈಲಟ್ ಎಂಬ ಸ್ವಯಂಚಾಲಕ ಯಂತ್ರದ ಅಧೀನವಾಗುತ್ತವೆ. ಎತ್ತರ, ದಿಕ್ಕು, ವೇಗಗಳನ್ನು ಯಂತ್ರವು ಮನುಷ್ಯನ ಕೈಗಿಂತ ನಿಖರವಾಗಿ, ಬೇಸರವಿಲ್ಲದೆ ಕಾಯುತ್ತದೆ. ವಿಮಾನಯಾನವು ಹಿಂದಿಗಿಂತ ಬಹಳ ಸುರಕ್ಷಿತವಾಗಿರುವುದಕ್ಕೆ ಇಂಥ ಯಂತ್ರಗಳೂ ಒಂದು ಕಾರಣ. ಅವನ್ನು ಹಳಿಯುವುದು ಕೃತಘ್ನತೆಯಾದೀತು. ಹೀಗಿದ್ದರೂ ಚಾಲಕನಿಗೆ ಉಳಿದ ಕೆಲಸವೊಂದುಂಟು. ಅದೇ ಅರಿವು. ಅಮೆರಿಕದ ವಿದ್ವಾಂಸೆ ಮೈಕಾ ಎಂಡ್ಸ್ಲಿ ಅವರು 1995ರಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳನ್ನು ಹೇಳಿದರು: ಸುತ್ತಲಿರುವುದನ್ನು ಕಾಣುವುದು, ಕಂಡುದರ ಅರ್ಥವನ್ನು ತಿಳಿಯುವುದು, ಮುಂದೇನಾಗುವುದೆಂದು ಊಹಿಸುವುದು. ಇವುಗಳಲ್ಲಿ ಒಂದು ತಪ್ಪಿದರೂ ಉಳಿದುದು ನಿಲ್ಲದು.

1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೆಯ ವಿಮಾನವು ಅಮೆರಿಕದ ಮಯಾಮಿ ನಗರದ ಬಳಿ 2,000 ಅಡಿ ಎತ್ತರದಲ್ಲಿ ಹಾರುತ್ತಿತ್ತು. ಮುಂದಿನ ಚಕ್ರವು ಇಳಿದಿದೆಯೆಂದು ತೋರಿಸುವ ದೀಪ ಹೊತ್ತಲಿಲ್ಲ. ಎತ್ತರವನ್ನು ಯಂತ್ರವು ಕಾಯುತ್ತಿದೆಯೆಂಬ ನಂಬಿಕೆಯಿಂದ ಚಾಲಕರು ಆ ದೀಪದ ಕಡೆಗೇ ಗಮನವಿಟ್ಟರು. ಆದರೆ ಯಂತ್ರದ ಹಿಡಿತವು ಅವರಿಗೆ ತಿಳಿಯದಂತೆ ತಪ್ಪಿಹೋಗಿತ್ತು. ವಿಮಾನವು ಮೆಲ್ಲಮೆಲ್ಲನೆ ಇಳಿದು ಜೌಗು ನೆಲಕ್ಕೆ ಅಪ್ಪಳಿಸಿತು. ಸುಮಾರು ನೂರು ಮಂದಿ ಮಡಿದರು. ಚಕ್ರವು ಸರಿಯಾಗಿಯೇ ಇಳಿದಿತ್ತು. ಕೆಟ್ಟಿದ್ದುದು ದೀಪದ ಬುರುಡೆ ಮಾತ್ರ.

ಇಂಥ ದುಃಖವನ್ನು ಬೆಂಗಳೂರೂ ಕಂಡಿದೆ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೆಯ ವಿಮಾನವು ಎಚ್.ಎ.ಎಲ್. ನಿಲ್ದಾಣದ ಓಡುದಾರಿಯನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆರಗಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಆ ಕಾಲಕ್ಕೆ ಅತಿ ನವೀನವಾಗಿದ್ದ ಏರ್‌ಬಸ್ ಎ-320 ವಿಮಾನವದು. ಇಳಿಯುವಾಗ ಅದರ ವ್ಯವಸ್ಥೆಯು ಎಂಜಿನ್ನುಗಳನ್ನು ಕನಿಷ್ಠ ಶಕ್ತಿಯಲ್ಲಿಯೇ ನಿಲ್ಲಿಸುವ ಕ್ರಮದಲ್ಲಿತ್ತು. ವೇಗವು ಕುಗ್ಗುತ್ತ ಬಂದಿತು. ಅದರ ಅರ್ಥ ಹೊಳೆದು ಶಕ್ತಿಯನ್ನು ಹೆಚ್ಚಿಸುವ ವೇಳೆಗೆ ಕಾಲ ಮೀರಿತ್ತು. ಬೇರೆ ಹಲವು ವಿಮಾನಗಳಲ್ಲಿ ಯಂತ್ರವು ಎಂಜಿನ್ನಿನ ಶಕ್ತಿಯನ್ನು ಬದಲಿಸಿದಾಗ ಚಾಲಕನ ಕೈಕೆಳಗಿನ ಥ್ರಾಟಲ್ ಹಿಡಿಯೂ ಸರಿಯುತ್ತದೆ. ಈ ಬಗೆಯ ವಿಮಾನದಲ್ಲಿ ಅದು ಕದಲುವುದಿಲ್ಲ. ಕಣ್ಣು ಸೂಚಕವನ್ನು ಓದಿಯೇ ತಿಳಿಯಬೇಕು. ಕೈಗೆ ತಾನಾಗಿ ತಿಳಿಯುವ ದಾರಿಯೊಂದು ಅಲ್ಲಿ ಇಲ್ಲ.

2009ರ ಜೂನ್ 1ರಂದು ರಿಯೋ ಡಿ ಜನೈರೋದಿಂದ ಪ್ಯಾರಿಸ್ಸಿಗೆ ಹೋಗುತ್ತಿದ್ದ ಏರ್ ಫ್ರಾನ್ಸ್‌ನ 447ನೆಯ ವಿಮಾನವು ಅಟ್ಲಾಂಟಿಕ್ ಸಾಗರದ ಮೇಲೆ 35,000 ಅಡಿ ಎತ್ತರದಲ್ಲಿತ್ತು. ವೇಗವನ್ನಳೆಯುವ ನಳಿಕೆಗಳಲ್ಲಿ ಹಿಮದ ಹರಳುಗಳು ತುಂಬಿಕೊಂಡವು. ವೇಗದ ಲೆಕ್ಕ ತಪ್ಪಿದೊಡನೆ ಆಟೋಪೈಲಟ್ ಕೈಬಿಟ್ಟಿತು. ನಳಿಕೆಗಳ ಅಡಚಣೆ ಒಂದು ನಿಮಿಷದೊಳಗೆ ತೀರಿತು. ಆದರೆ ಅಷ್ಟರಲ್ಲಿ ಚಾಲಕನು ವಿಮಾನದ ಮೂತಿಯನ್ನು ಮೇಲೆತ್ತಿದ್ದನು. ರೆಕ್ಕೆಗಳು ಎತ್ತಿಹಿಡಿಯುವ ಬಲವನ್ನು ಕಳೆದುಕೊಂಡವು. ಎಚ್ಚರಿಕೆಯ ದನಿ ಮತ್ತೆ ಮತ್ತೆ ಮೊಳಗಿದರೂ, ಆಗುತ್ತಿರುವುದೇನೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಯಂತ್ರವು ಕೈಬಿಟ್ಟ ನಾಲ್ಕೂವರೆ ನಿಮಿಷದೊಳಗೆ 228 ಮಂದಿ ಸಮುದ್ರದ ಪಾಲಾದರು.

ಇದೆಲ್ಲವೂ ಚಾಲಕರ ಅಜಾಗರೂಕತೆಯೆಂದು ತೀರ್ಪು ಕೊಡುವುದು ಸುಲಭ. ಆದರೆ ಅದು ನ್ಯಾಯವಾಗದು. ಅಷ್ಟು ಎತ್ತರದಲ್ಲಿ ವಿಮಾನವನ್ನು ಕೈಯಿಂದ ನಡೆಸುವ ತರಬೇತಿಯೇ ಅವರಿಗೆ ದೊರೆತಿರಲಿಲ್ಲವೆಂದು ಫ್ರಾನ್ಸಿನ ತನಿಖಾ ಸಂಸ್ಥೆಯು 2012ರ ವರದಿಯಲ್ಲಿ ಹೇಳಿತು. ಅದಲ್ಲದೆ, ಅಳತೆಯ ವೇಗವು ತೀರ ಕುಗ್ಗಿದಾಗ ಎಚ್ಚರಿಕೆಯ ದನಿ ನಿಂತುಹೋಗುತ್ತಿತ್ತು. ಮೂತಿಯನ್ನು ತಗ್ಗಿಸಿದಾಗ ಮತ್ತೆ ಮೊಳಗುತ್ತಿತ್ತು. ಸರಿಯಾದುದನ್ನು ಮಾಡಹೊರಟವನಿಗೇ ಗದರಿಕೆ! ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಡ್ಜ್ ಅವರು 1983ರಲ್ಲಿಯೇ ಈ ವಿಪರ್ಯಾಸವನ್ನು ಎತ್ತಿ ತೋರಿಸಿದ್ದರು. ಸುಲಭವಾದುದನ್ನೆಲ್ಲ ಯಂತ್ರವು ಮಾಡಿ, ಕಠಿಣವಾದುದನ್ನು ಮಾತ್ರ ಮನುಷ್ಯನಿಗೆ ಉಳಿಸುತ್ತದೆ. ಆ ಕಠಿಣವನ್ನು ಮಾಡಲು ಬೇಕಾದ ಪಳಗಿಕೆಯಾದರೋ ದಿನದಿನದ ಸುಲಭವಾದ ಕೆಲಸದಿಂದಲೇ ಬರತಕ್ಕದ್ದು. ಮೊದಲನೆಯದನ್ನು ಕಿತ್ತುಕೊಂಡು ಎರಡನೆಯದನ್ನು ಬೇಡುವುದು ಯಾವ ನೀತಿ?

ಇದರಿಂದ ತಿಳಿಯುವುದಿಷ್ಟು: ಅರಿವು ಕಾಯಕದಿಂದ ಬೇರೆಯಾಗಿ ನಿಲ್ಲುವ ವಸ್ತುವಲ್ಲ. ಅದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಟ್ಟ ಹೊನ್ನಲ್ಲ; ನಿತ್ಯವೂ ಎಣ್ಣೆ ಬೇಡುವ ದೀಪ. ಆದುದರಿಂದ ಹೊಣೆಯೂ ಒಬ್ಬನದಲ್ಲ. ಯಂತ್ರವನ್ನು ರಚಿಸಿದವನು, ತರಬೇತಿ ಕೊಡುವವನು, ಖರ್ಚನ್ನು ಎಣಿಸುವ ಸಂಸ್ಥೆ, ಆಸನದಲ್ಲಿ ಕುಳಿತ ಚಾಲಕ ಇವರೆಲ್ಲರೂ ಆ ದೀಪಕ್ಕೆ ಎಣ್ಣೆಯೆರೆಯತಕ್ಕವರೇ. ತಕ್ಕ ಸಮಯದಲ್ಲಿ ಚಾಲಕರು ಕೈಯಿಂದಲೇ ವಿಮಾನವನ್ನು ನಡೆಸುವಂತೆ ಪ್ರೋತ್ಸಾಹಿಸಬೇಕೆಂದು ಅಮೆರಿಕದ ವಿಮಾನಯಾನ ಆಡಳಿತವು 2013ರ ಜನವರಿಯಲ್ಲಿ ಸಂಸ್ಥೆಗಳಿಗೆ ಸೂಚಿಸಿದ್ದು ಇದೇ ಕಾರಣದಿಂದ.

ಅರಿವು ಉಳಿದಲ್ಲಿ ಏನಾಗಬಲ್ಲುದೆಂಬುದಕ್ಕೂ ಸಾಕ್ಷಿಯುಂಟು. 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಕ್ವಾಂಟಾಸ್ ಸಂಸ್ಥೆಯ 32ನೆಯ ವಿಮಾನದ ಎಂಜಿನ್ನೊಂದು ಸಿಡಿದು, ಕೆಟ್ಟುದರ ಸೂಚನೆಗಳು ಒಂದರ ಮೇಲೊಂದು ಬರತೊಡಗಿದವು. ಕೆಟ್ಟುದನ್ನು ಎಣಿಸುವುದನ್ನು ಬಿಟ್ಟು, ಇನ್ನೂ ಸರಿಯಾಗಿರುವುದೇನೆಂದು ಕ್ಯಾಪ್ಟನ್ ಲೆಕ್ಕ ಹಾಕತೊಡಗಿದನು. ಸುಮಾರು ಎರಡು ಗಂಟೆಗಳ ಬಳಿಕ 469 ಮಂದಿಯೂ ಕ್ಷೇಮವಾಗಿ ನೆಲ ಮುಟ್ಟಿದರು. ಅಲ್ಲಿ ಯಂತ್ರವು ಹೇಳಿತು, ಮನುಷ್ಯನು ಅರಿತನು.

ಅಂಗಡಿಯ ಲೆಕ್ಕವನ್ನು ಗಣಕಕ್ಕೂ ದಾರಿಯನ್ನು ಮೊಬೈಲಿಗೂ ಮನೆಯ ವ್ಯವಹಾರವನ್ನು ಗುಮಾಸ್ತನಿಗೂ ವಹಿಸಿದ ಗೃಹಸ್ಥನು ವಿಮಾನಚಾಲಕನಲ್ಲ. ಅವನ ತಪ್ಪಿನಿಂದ ಜನರು ಆಕಾಶದಿಂದ ಬೀಳುವುದಿಲ್ಲ. ಆದರೂ ಅವನನ್ನು ನಂಬಿದ ಕುಟುಂಬವೊಂದುಂಟು. ವಹಿಸಿದುದನ್ನು ಹಿಂದಕ್ಕೆ ಪಡೆಯಬೇಕೆಂದು ಯಾರೂ ಹೇಳಲಾರರು. ಆದರೆ ವಹಿಸಿದ ಮೇಲೆಯೂ ಆಗಾಗ ತನ್ನ ಕೈಯಿಂದಲೇ ಮಾಡಿ ನೋಡುವುದು, ಇದು ನಡುದಾರಿಯಲ್ಲಿ ಕೈಬಿಟ್ಟರೆ ತಾನೆಲ್ಲಿರುವೆನೆಂದು ತನಗೆ ತಿಳಿದಿದೆಯೆ ಎಂದು ಕೇಳಿಕೊಳ್ಳುವುದು ಅವನ ಕರ್ತವ್ಯ. ಉತ್ತರ ಹೊಳೆಯದಿದ್ದರೆ, ಕೈಬಿಡುವ ಗಳಿಗೆ ಬರುವ ಮೊದಲೇ ಕಲಿಯತೊಡಗುವುದು ಲೇಸು.