ದಾನವೂ ವಿಹಾರವೂ

ಕೊಟ್ಟ ಹಣಕ್ಕೆ ಪ್ರತಿಯಾಗಿ ಒಂದು ಸುಖವನ್ನು ಪಡೆದ ಮೇಲೆ ಆ ಕೊಡುಗೆಯನ್ನು ದಾನವೆಂದು ಕರೆಯಬಹುದೆ? ಮೇಲುನೋಟಕ್ಕೆ ಇದು ಬರಿಯ ಶಬ್ದವಿಚಾರವೆಂದು ತೋರಬಹುದು. ಆದರೆ ಹತ್ತು ಜನ ಸೇರಿ ಸಾರ್ವಜನಿಕ ಕಾರ್ಯವೊಂದನ್ನು ನಡೆಸಹೊರಟವರಿಗೆಲ್ಲ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ಈ ಪ್ರಶ್ನೆಯನ್ನು ನಾವು ದೂರದೇಶದ ಒಂದು ಉದಾಹರಣೆಯನ್ನು ಹಿಡಿದು ವಿಚಾರಮಾಡಬಯಸುತ್ತೇವೆ. ದೂರದ್ದನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮೂರಿನ ಸಂಗತಿಯಾದರೆ ಪ್ರಶ್ನೆಗಿಂತ ಮೊದಲು ವ್ಯಕ್ತಿಗಳು ಕಣ್ಣಿಗೆ ಬೀಳುತ್ತಾರೆ.

ಇಂಗ್ಲೆಂಡಿನ ಕಾಲುವೆದಂಡೆಯ ಹಳ್ಳಿಗಳಲ್ಲಿ ಬೇಸಗೆಯ ಒಂದು ರಜೆಯ ದಿನ ಇಂತಹ ಸಮಾರಂಭ ನಡೆಯುವುದುಂಟು. ಊರಿನ ಹಳೆಯ ಇಗರ್ಜಿಯ ಮಾಡು ಸೋರುತ್ತಿದೆ. ಅದರ ದುರಸ್ತಿಗೆ ಹಣ ಬೇಕು. ದೋಣಿಯುಳ್ಳವರು ತಮ್ಮ ದೋಣಿಯನ್ನು ತಂದು ನಿಲ್ಲಿಸುತ್ತಾರೆ. ಟಿಕೇಟು ಕೊಂಡವರನ್ನು ಕುಳ್ಳಿರಿಸಿಕೊಂಡು ಆ ದೋಣಿ, ಮನುಷ್ಯನ ನಡಿಗೆಯ ವೇಗದಲ್ಲಿ, ಹೊಲಗಳ ನಡುವೆ ಒಂದು ಗಂಟೆಯ ಕಾಲ ಹೋಗಿ ಬರುತ್ತದೆ. ದಂಡೆಯ ಮೇಲೆ ಮನೆಯಲ್ಲಿ ಮಾಡಿ ತಂದ ಕೇಕು, ಚಹಾ. ಒಂದು ಕಡೆ ಹಳೆಯ ಪುಸ್ತಕಗಳ ಮಾರಾಟ. ಇನ್ನೊಂದು ಕಡೆ ಚೀಟಿ ಎತ್ತಿ ಬಹುಮಾನ ಕೊಡುವ ಆಟ. ಸಂಜೆ ಲೆಕ್ಕ ಮಾಡಿ, ಖರ್ಚು ಕಳೆದು ಉಳಿದುದನ್ನು ಮಾಡಿನ ನಿಧಿಗೆ ಸೇರಿಸುತ್ತಾರೆ. ಬಂದವರಲ್ಲಿ ಭಾನುವಾರದ ಪ್ರಾರ್ಥನೆಗೆ ತಪ್ಪದೆ ಹೋಗುವವರೂ ಇದ್ದಾರೆ. ಎಂದೂ ಹೋಗದವರೂ ಇದ್ದಾರೆ.

ದೋಣಿಗೂ ಇಗರ್ಜಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಹಳೆಯದು. 1761ರಲ್ಲಿ ವರ್ಸ್ಲಿಯ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ಸಾಗಿಸಲು ಬ್ರಿಜ್‌ವಾಟರ್ ಕಾಲುವೆಯನ್ನು ತೆರೆದ ಮೇಲೆ ಆ ದೇಶದಲ್ಲೆಲ್ಲ ಕಾಲುವೆಗಳ ಜಾಲ ಹಬ್ಬಿತು. ಏಳು ಅಡಿ ಅಗಲದ, ಎಪ್ಪತ್ತು ಅಡಿಯವರೆಗೂ ಉದ್ದದ ಕಿರುದೋಣಿಗಳನ್ನು ಕುದುರೆಗಳು ದಂಡೆಯ ಮೇಲಿಂದ ಎಳೆಯುತ್ತಿದ್ದವು. ರೈಲಿನ ಪೈಪೋಟಿ ಬಂದ ಮೇಲೆ ದೋಣಿಯವರಲ್ಲಿ ಅನೇಕರು ಹೆಂಡತಿಮಕ್ಕಳೊಡನೆ ಅದರ ಹಿಂಬದಿಯ ಪುಟ್ಟ ಕೋಣೆಯಲ್ಲಿಯೇ ಬಾಳಿದರು. ನೆಲದ ಮೇಲೆ ಊರಿಲ್ಲದ ಆ ಜನಕ್ಕೆ ಮದುವೆ, ನಾಮಕರಣ, ಮಣ್ಣು ಇವುಗಳಿಗಾದರೂ ಒಂದು ನೆಲೆ ಬೇಕಾಗಿತ್ತು. ನಾರ್ತಾಂಪ್ಟನ್‌ಷೈರಿನ ಬ್ರಾನ್‌ಸ್ಟನ್ ಎಂಬಲ್ಲಿ ಎರಡು ದೊಡ್ಡ ಕಾಲುವೆಗಳು ಕೂಡುತ್ತವೆ. ಗುಡ್ಡದ ಮೇಲಿರುವ ಅಲ್ಲಿನ ಇಗರ್ಜಿಗೆ ‘ಕಾಲುವೆಗಳ ಮಹಾದೇವಾಲಯ’ವೆಂಬ ಹೆಸರೇ ಬಂದಿದೆ. ದೋಣಿಯವರ ಎಷ್ಟೋ ಮನೆತನಗಳ ಸುಖದುಃಖಗಳು ಅಲ್ಲಿಯ ದಫ್ತರಗಳಲ್ಲಿವೆ. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ, ಅಂದು ಸ್ಥಾವರವು ಜಂಗಮಕ್ಕೆ ನೆಲೆಯನ್ನು ಕೊಟ್ಟಿತು. ಇಂದು ಜಂಗಮವು ಸ್ಥಾವರಕ್ಕೆ ಹೆಗಲು ಕೊಡಲು ಬಂದಿದೆ.

ಇಗರ್ಜಿಯ ದುರಸ್ತಿಯನ್ನು ಸರಕಾರವೇ ಮಾಡಿಸಬಾರದೆ ಎಂದರೆ, ಆ ದೇಶದ ಪದ್ಧತಿ ಹಾಗಿಲ್ಲ. ಇಂಗ್ಲೆಂಡಿನ ಅಧಿಕೃತ ಧರ್ಮಸಭೆಗೆ ಸುಮಾರು 16,000 ಇಗರ್ಜಿಗಳಿವೆ. ಅವುಗಳಲ್ಲಿ 12,000ಕ್ಕೂ ಹೆಚ್ಚಿನವು ಕಾಯ್ದಿಡತಕ್ಕ ಹಳೆಯ ಕಟ್ಟಡಗಳೆಂದು ಪಟ್ಟಿಯಾಗಿವೆ. ಐದು ವರ್ಷಕ್ಕೊಮ್ಮೆ ತಜ್ಞರು ಕಟ್ಟಡವನ್ನು ಪರೀಕ್ಷಿಸಬೇಕೆಂಬ ನಿಯಮ 1955ರಲ್ಲಿ ಬಂದಿತು. ಆದರೆ ಪರೀಕ್ಷೆಯಲ್ಲಿ ಕಂಡ ದೋಷವನ್ನು ಸರಿಪಡಿಸುವ ಭಾರ ಮುಖ್ಯವಾಗಿ ಆಯಾ ಊರಿನ ಸಭೆಯದು. ಸೀಸದ ತಗಡು ಹರಿದರೂ, ಗೋಪುರದ ಕಲ್ಲು ಸಡಿಲಿದರೂ, ತೊಲೆಗೆ ಹುಳು ಹತ್ತಿದರೂ ಊರವರೇ ದಾರಿಯನ್ನು ಹುಡುಕಬೇಕು. ಸಹಾಯನಿಧಿಗಳು ದೊರೆತರೂ ಊರಿನ ಪಾಲೆಂಬುದು ತಪ್ಪುವುದಿಲ್ಲ.

ಇನ್ನು ಆಕ್ಷೇಪಕ್ಕೆ ಬರೋಣ. ದೇಶ, ಕಾಲ, ಪಾತ್ರಗಳನ್ನು ನೋಡಿ, ಪ್ರತ್ಯುಪಕಾರವನ್ನು ಬಯಸದೆ ಕೊಟ್ಟುದು ಸಾತ್ತ್ವಿಕದಾನವೆಂದೂ, ಪ್ರತಿಫಲವನ್ನು ನೋಡಿ ಕೊಟ್ಟುದು ರಾಜಸವೆಂದೂ ಭಗವದ್ಗೀತೆಯ ವಿಭಾಗ. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂಬುದು ಕ್ರೈಸ್ತರ ಸುವಾರ್ತೆಯ ಬೋಧೆ. ಈ ಎರಡು ಅಳತೆಗೋಲುಗಳಿಂದಲೂ ದೋಣಿಯ ಟಿಕೇಟು ಕಿರಿದಾಗಿಯೇ ಕಾಣುತ್ತದೆ. ಅದಕ್ಕಿಂತ, ಬಂದವರೆಲ್ಲ ಆ ಹಣವನ್ನು ನೇರವಾಗಿ ನಿಧಿಗೆ ಹಾಕಿ ಮನೆಯಲ್ಲಿ ಕುಳಿತಿದ್ದರೆ ಕೇಕಿನ ಹಿಟ್ಟು, ದೋಣಿಯ ಎಣ್ಣೆಗಳ ವೆಚ್ಚವೂ ಉಳಿಯುತ್ತಿತ್ತಲ್ಲವೆ?

ಈ ವಾದ ಇಂದಿನದಲ್ಲ. ಹಿಂದಿನ ಶತಮಾನಗಳಲ್ಲಿ ಇಂಗ್ಲೆಂಡಿನ ಹಳ್ಳಿಗಳು ಇಗರ್ಜಿಯ ಖರ್ಚಿಗಾಗಿ ಮದ್ಯವನ್ನು ಕಾಯಿಸಿ, ಊರೂಟವನ್ನೇರ್ಪಡಿಸಿ, ಮಾರಿ ಹಣ ಕೂಡಿಸುತ್ತಿದ್ದವು. 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬ ಲೇಖಕನು ಇದನ್ನು ಕಟುವಾಗಿ ಖಂಡಿಸಿದನು. ಕಲ್ಲುಗಾರೆಯ ಕಟ್ಟಡಕ್ಕಾಗಿ ಜನರ ನಡತೆಯನ್ನು ಕೆಡಿಸುವುದು ಧರ್ಮವೆ ಎಂಬುದು ಅವನ ವಾದದ ತಿರುಳು. ಐವತ್ತು ವರ್ಷಗಳ ತರುವಾಯ, 1633ರಲ್ಲಿ, ಸಾಮರ್ಸೆಟ್ ಸೀಮೆಯ ಬಿಷಪ್ ವಿಲಿಯಂ ಪಿಯರ್ಸನು ಈ ಕೂಟಗಳ ಪರವಾಗಿ ಬರೆದನು. ಬಡ ಊರುಗಳು ಗಂಟೆ ಎರಕ ಹೊಯ್ಸಿದುದು, ಗೋಪುರ ಸರಿಪಡಿಸಿದುದು ಈ ಹಣದಿಂದಲೇ ಎಂದನು. ಅಷ್ಟಕ್ಕೇ ನಿಲ್ಲದೆ, ಕೂಡಿ ಕುಳಿತಾಗ ನೆರೆಯವರ ಜಗಳಗಳು ಹರಿದು ಪ್ರೀತಿ ಬೆಳೆಯುವುದನ್ನೂ ಒಂದು ಲಾಭವಾಗಿ ಎಣಿಸಿದನು. ಸ್ಟಬ್ಸನ ಎಚ್ಚರಿಕೆಯನ್ನು ನಾವು ತಳ್ಳಿಹಾಕುವುದಿಲ್ಲ. ಕುಡಿತದಿಂದ ಕಟ್ಟಿದ ಗೋಪುರ ಯಾರಿಗೂ ಹೆಮ್ಮೆಯದಲ್ಲ. ಆದರೆ ಪಿಯರ್ಸನು ಲೆಕ್ಕದ ಪುಸ್ತಕದಲ್ಲಿ ಬಾರದ ಒಂದು ಬಾಬನ್ನು ಗುರುತಿಸಿದನೆಂಬುದನ್ನು ಮರೆಯಬಾರದು.

ಎಲ್ಲರಿಗೂ ಸೇರಿದ ಕಟ್ಟಡವೊಂದನ್ನು ಕಾಯುವುದಕ್ಕೆ ಮೂರು ದಾರಿಗಳುಂಟು. ಮೊದಲನೆಯದು ಬಲವಂತ. ಇಗರ್ಜಿಯ ತೆರಿಗೆಯೆಂಬುದನ್ನು ಇಂಗ್ಲೆಂಡಿನಲ್ಲಿ ಬೇರೆ ಪಂಥದವರಿಂದಲೂ ವಸೂಲು ಮಾಡುತ್ತಿದ್ದರು. ಐದೂವರೆ ಷಿಲಿಂಗಿನ ತೆರಿಗೆಯನ್ನು ಕೊಡಲೊಪ್ಪದೆ ಚೆಮ್ಸ್‌ಫರ್ಡಿನ ಚಮ್ಮಾರ ಜಾನ್ ಥೊರೊಗುಡ್ 1839ರಲ್ಲಿ ಸೆರೆಮನೆಗೆ ಹೋದನು. 1868ರಲ್ಲಿ ಪಾರ್ಲಿಮೆಂಟು ಆ ಬಲವಂತವನ್ನು ತೆಗೆದುಹಾಕಿತು. ಎರಡನೆಯದು ಒಬ್ಬ ಶ್ರೀಮಂತನ ಉದಾರತೆ. ಆಕ್ಸ್‌ಫರ್ಡಿನಲ್ಲಿ 1839ರಲ್ಲಿಯೇ ಕಲ್ಲಿದ್ದಲ ವರ್ತಕನೊಬ್ಬನು ದೋಣಿಯವರಿಗಾಗಿ ತೇಲುವ ಪ್ರಾರ್ಥನಾಮಂದಿರವೊಂದನ್ನು ಮಾಡಿಸಿಕೊಟ್ಟನು. ಒಳ್ಳೆಯ ಕೆಲಸವೇ, ಆದರೂ 1868ರಲ್ಲಿ ಅದು ಮುಳುಗಿತು. ಮೂರನೆಯದು ಜನರೇ ಕೂಡಿ ಕೂಡಿಸುವುದು. ನಾವು ವಿಚಾರಮಾಡುತ್ತಿರುವ ದೋಣಿವಿಹಾರ ಈ ಮೂರನೆಯ ದಾರಿಯದು.

ಈ ಮೂರನೆಯ ದಾರಿ ಏಕೆ ಮೇಲು? ಕಟ್ಟಡದ ಜೀರ್ಣತೆಯ ರೀತಿಯಲ್ಲಿಯೇ ಉತ್ತರವಿದೆ. ಮಾಡು ಕೆಡುವುದು ಒಂದು ದಿನದಲ್ಲಿ ಅಲ್ಲ. ಶರತ್ಕಾಲದ ಎಲೆಗಳು ನೀರು ಹರಿಯುವ ಕೊಳವೆಯನ್ನು ಕಟ್ಟುತ್ತವೆ. ನಿಂತ ನೀರು ಗೋಡೆಗೆ ಇಳಿಯುತ್ತದೆ. ಒದ್ದೆಯಾದ ಮರದಲ್ಲಿ ಹುಳು ಹುಟ್ಟುತ್ತದೆ. ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಸ್ಥಾಪಿಸಿದ ಸಂಘ ಬೋಧಿಸಿದುದೂ ಇದನ್ನೇ: ಹಳೆಯದನ್ನು ಕೆದಕಿ ಹೊಸದರಂತೆ ಮಾಡುವುದಕ್ಕಿಂತ ಅನುದಿನದ ಆರೈಕೆ ಮೇಲು. ಒಂದು ದೊಡ್ಡ ಚೆಕ್ಕು ಮಾಡನ್ನು ಹೊದಿಸಬಲ್ಲುದು. ಆದರೆ ಪ್ರತಿವರ್ಷವೂ ಏಣಿಯನ್ನಿಟ್ಟು ಎಲೆಗಳನ್ನು ತೆಗೆಯಲಾರದು. ಅದಕ್ಕೆ ನೆರೆಯವನೊಬ್ಬನು ಬೇಕು. ‘ಇದು ನಮ್ಮದು’ ಎಂಬ ಭಾವ ಅವನಲ್ಲಿ ಬೇಕು. ಆ ಭಾವವನ್ನು ತೆರಿಗೆ ತರಲಿಲ್ಲ. ದೋಣಿಯ ಹಲಗೆಯ ಮೇಲೆ ಒತ್ತಾಗಿ ಕುಳಿತು ಕಳೆದ ಒಂದು ಗಂಟೆ ತರಬಲ್ಲುದು. ಮನೆಯಲ್ಲಿ ಕುಳಿತೇ ಹಣ ಕಳಿಸಿದ್ದರೆ ಉಳಿಯುತ್ತಿದ್ದುದು ಹಿಟ್ಟಿನ ಬೆಲೆ. ಕಳೆಯುತ್ತಿದ್ದುದು ಈ ಭಾವ.

ಹಾಗಾದರೆ ಟಿಕೇಟು ಕೊಂಡವನು ದಾನಿಯೆ? ಅಲ್ಲವೆಂದೇ ನಮ್ಮ ಅಭಿಪ್ರಾಯ, ಅಲ್ಲದಿರುವುದೇ ಒಳ್ಳೆಯದು. ಅವನು ಕೊಟ್ಟನು, ಪಡೆದನು. ಸಂಜೆಗೆ ಋಣ ತೀರಿತು. ಶಿಲೆಯ ಮೇಲೆ ಹೆಸರನ್ನು ಕೆತ್ತಿಸಬೇಕೆಂಬ ಹಮ್ಮು ಅವನಲ್ಲಿ ಉಳಿಯುವುದಿಲ್ಲ. ನಿಜವಾದ ದಾನವನ್ನು ಬೇರೆಡೆ ಹುಡುಕಬೇಕು. ಮುಂಜಾನೆ ಎದ್ದು ಕೇಕು ಮಾಡಿದವಳು, ಬಿಸಿಲಲ್ಲಿ ನಿಂತು ಚುಕ್ಕಾಣಿ ಹಿಡಿದವನು, ಎಲ್ಲರೂ ಹೋದ ಮೇಲೆ ಬಟ್ಟಲುಗಳನ್ನು ತೊಳೆದವರು ಪ್ರತಿಯಾಗಿ ಏನನ್ನೂ ಪಡೆಯಲಿಲ್ಲ. ಅವರ ದುಡಿಮೆಯೇ ದಾನ. ಟಿಕೇಟು ಅದನ್ನು ಮಾಡಿನವರೆಗೆ ಸಾಗಿಸಿದ ಪಾತ್ರೆ.

ಆ ಚುಕ್ಕಾಣಿ ಹಿಡಿದವನು ದೇವರನ್ನು ನಂಬದವನಾಗಿದ್ದರೆ? ನಂಬದವನು ಪ್ರಾರ್ಥನೆಯ ಮನೆಗೆ ದುಡಿಯುವುದು ಆತ್ಮವಂಚನೆಯಲ್ಲವೆ ಎಂದು ಕೆಲವರು ಕೇಳಿಯಾರು. ಕಾಲುವೆಯ ಕಥೆಯೇ ಇದಕ್ಕೆ ಸಮಾಧಾನ ಹೇಳುತ್ತದೆ. ರೈಲು, ಲಾರಿಗಳ ಮುಂದೆ ಕಾಲುವೆಗಳು ಸೋತವು. 1963ರ ಕಡುಚಳಿಗೆ ನೀರು ಹೆಪ್ಪುಗಟ್ಟಿದ ಮೇಲೆ ಸರಕು ಸಾಗಿಸುವ ದೋಣಿಗಳು ಬಹುಮಟ್ಟಿಗೆ ಕಣ್ಮರೆಯಾದವು. ಹೂಳು ತುಂಬಿ ಬತ್ತಿದ ಕೆನೆಟ್ ಮತ್ತು ಏವನ್ ಕಾಲುವೆ 1990ರಲ್ಲಿ ಮತ್ತೆ ತೆರೆದುದು ಕೂಲಿಯಿಲ್ಲದೆ ಕೆಸರು ತೆಗೆದ, ಊರೂರಿನಲ್ಲಿ ಹಣ ಕೂಡಿಸಿದ ಜನರಿಂದ. ಅವರಲ್ಲಿ ದೋಣಿಯ ಕಸುಬಿನವರು ಎಷ್ಟು ಮಂದಿ? ತಮಗೆ ಉಪಯೋಗವಿಲ್ಲದಿದ್ದರೂ, ಹಿಂದಿನವರು ಬೆವರಿಳಿಸಿ ಮಾಡಿದ್ದು ತಮ್ಮ ಕಾಲದಲ್ಲಿ ಹಾಳಾಗಬಾರದೆಂಬುದೊಂದೇ ಅವರ ಹಟ. ಇಗರ್ಜಿಗೆ ದುಡಿಯುವ ನಾಸ್ತಿಕನ ಹಟವೂ ಇಂತಹುದೇ. ಅದರಲ್ಲಿ ವಂಚನೆಯಿಲ್ಲ.

ಆದರೂ ಈ ದಾರಿಗೆ ಮೂರು ಕಟ್ಟಳೆಗಳು ಬೇಕು. ಟಿಕೇಟು ಕೊಳ್ಳಲಾರದವನು ದಂಡೆಯ ಮೇಲೆ ನಿಂತು ನೋಡುವಂತಾಗಬಾರದು. ಅವನ ಕೈಗೆ ಹಗ್ಗವನ್ನಾದರೂ ಕೊಟ್ಟು ದೋಣಿಗೆ ಸೇರಿಸಿಕೊಳ್ಳಬೇಕು. ಲೆಕ್ಕವು ಎಲ್ಲರ ಕಣ್ಣಿಗೆ ಕಾಣುವಂತಿರಬೇಕು. ಒಂದು ಪೆನ್ನಿಯ ಸಂಶಯ ಇಡೀ ದಿನದ ಸಂತೋಷವನ್ನು ನುಂಗುತ್ತದೆ. ಕೊನೆಯದಾಗಿ, ಹಸಿದವನಿರುವಾಗ ಕಲ್ಲಿಗೇಕೆ ಹಣವೆಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ಇಂದು ಇಂಗ್ಲೆಂಡಿನ ಅನೇಕ ಇಗರ್ಜಿಗಳಲ್ಲಿ ಬಡವರಿಗೆ ದಿನಸಿ ಹಂಚುವ ಕೆಲಸ ನಡೆಯುತ್ತಿದೆ. ಮಾಡಿನ ಕೆಳಗೆ ಕಲ್ಲು ಮಾತ್ರ ಒಣಗಿದ್ದರೆ ಆ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ. ಒದ್ದೆಯಾಗಿ ಬಂದವನೊಬ್ಬನು ಅಲ್ಲಿ ಒಣಗಿಕೊಂಡರೆ ಉತ್ತರ ದೊರೆತಂತೆ.

ಗಡಿನಾಡಿನಲ್ಲಿರುವ ನಮಗೆ ಇದು ಪರರ ಕಥೆಯಲ್ಲ. ಶಾಲೆಯ ಕೊಠಡಿಗಾಗಿಯೋ ವಾಚನಾಲಯದ ಹೆಂಚಿಗಾಗಿಯೋ ಸಹಾಯಾರ್ಥವಾಗಿ ಆಟವನ್ನೋ ನಾಟಕವನ್ನೋ ಆಡಿಸುವುದು ನಮ್ಮಲ್ಲಿಯೂ ಉಂಟು. ಆಟ ನೋಡಲು ಬಂದವರು ದಾನಿಗಳೆ ಎಂದು ಅಲ್ಲಿ ನಗುವವರೂ ಉಂಟು. ಅವರಿಗೆ ನಾವು ಹೇಳತಕ್ಕದ್ದು ಇಷ್ಟೆ: ಬಂದವರು ದಾನಿಗಳಲ್ಲ, ಹಕ್ಕುದಾರರು, ನಾಳೆ ಹೆಂಚು ಜಾರಿದಾಗ ಮೊದಲು ತಲೆಯೆತ್ತಿ ನೋಡುವವರು ಅವರೇ. ದಾನಿಗಳು ಯಾರೆಂದು ಅರಿಯಬಯಸುವ ವಿದ್ಯಾರ್ಥಿಯು ಆಟ ಮುಗಿದ ಮೇಲೆ, ಜನವೆಲ್ಲ ಹೋದ ಮೇಲೆ, ಬಯಲಿನಲ್ಲಿ ಚಾಪೆ ಸುತ್ತುತ್ತಿರುವವರ ಬಳಿಗೆ ಹೋಗಲಿ. ಹೋದವನು ಒಂದು ಚಾಪೆಯ ತುದಿಯನ್ನು ತಾನೂ ಹಿಡಿಯಲಿ.